ಸಾರ್ವಜನಿಕ ಪ್ರವೇಶ ಟಿವಿ: ಅಮೆರಿಕದ ಕೇಬಲ್‌ನಲ್ಲಿ ಊರವರ ಪಾಲು

ಊರಿನ ರಸ್ತೆಗಳ ಅಡಿಯಲ್ಲಿ, ಕಂಬಗಳ ಮೇಲೆ ತಂತಿ ಎಳೆದು ವ್ಯಾಪಾರ ಮಾಡುವ ಕೇಬಲ್ ಕಂಪನಿ ಒಂದೆರಡು ವಾಹಿನಿಗಳನ್ನು ಆ ಊರಿನವರಿಗೇ ಬಿಟ್ಟುಕೊಡಬೇಕು. ಸಾರ್ವಜನಿಕ ಪ್ರವೇಶ ಟಿವಿಯ ಹಿಂದಿರುವ ವಾದ ಇಷ್ಟೇ. ಕಾರ್ಯಕ್ರಮ ತಯಾರಿಸುವವರು ನಿವಾಸಿಗಳು. ಸಮಯ, ಮೊದಲು ಬಂದವರಿಗೆ ಮೊದಲು.

ಇದರ ಬೇರು ಕೆನಡಾದಲ್ಲಿದೆ. ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ 1967ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ನ ಫೋಗೋ ದ್ವೀಪಕ್ಕೆ ಹೋದರು. ಮೀನುಗಾರಿಕೆ ಸೊರಗಿತ್ತು, ಜನರನ್ನು ಬೇರೆಡೆಗೆ ಸಾಗಿಸುವ ಯೋಚನೆ ಸರ್ಕಾರಕ್ಕಿತ್ತು. ಲೋ ತಂಡ ದ್ವೀಪದವರ ಮಾತುಗಳನ್ನು ಕಿರುಚಿತ್ರಗಳಾಗಿ ತೆಗೆದು ಮೊದಲು ಅವರಿಗೇ ತೋರಿಸಿತು. ದೂರದೂರದ ಹಳ್ಳಿಗಳಿಗೆ ಪರಸ್ಪರರ ಕಷ್ಟ ಗೊತ್ತಾಯಿತು. ಅದೇ ಚಿತ್ರಗಳು ಸರ್ಕಾರದವರ ಮುಂದೆಯೂ ಓಡಿದವು. ದ್ವೀಪದವರು ಸಹಕಾರ ಸಂಘ ಕಟ್ಟಿ ಅಲ್ಲೇ ನೆಲೆನಿಂತರು.

ಫೋಗೋ ಚಿತ್ರಗಳು ಸೇರಿದ್ದ ಮಂಡಳಿಯ ಯೋಜನೆಯಲ್ಲಿ ಕೆಲಕಾಲ ದುಡಿದ ಜಾರ್ಜ್ ಸ್ಟೋನಿ ಅಮೆರಿಕಕ್ಕೆ ಮರಳಿ, ರೆಡ್ ಬರ್ನ್ಸ್ ಜೊತೆಗೂಡಿ 1971ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಲ್ಟರ್ನೇಟ್ ಮೀಡಿಯಾ ಸೆಂಟರ್ ತೆರೆದರು. ಒಬ್ಬರೇ ಹೆಗಲಿಗೇರಿಸಿಕೊಂಡು ಹೋಗಬಹುದಾದ ಸೋನಿ ಪೋರ್ಟಪ್ಯಾಕ್ ವಿಡಿಯೋ ಯಂತ್ರ ಅಷ್ಟರಲ್ಲಿ ಮಾರುಕಟ್ಟೆಗೆ ಬಂದಿತ್ತು. ಅದೇ ವರ್ಷ ಜುಲೈನಲ್ಲಿ ಮ್ಯಾನ್‌ಹಟನ್‌ನ ಕೇಬಲ್‌ನಲ್ಲಿ ಸಾರ್ವಜನಿಕ ವಾಹಿನಿಗಳು ಶುರುವಾದವು. ಸ್ಟೋನಿ ಪಟ್ಟು ಹಿಡಿದದ್ದು ತರಬೇತಿಗೆ. ಕ್ಯಾಮೆರಾ ಹಿಡಿಯಲು ಕಲಿಸದೆ ವಾಹಿನಿ ಮಾತ್ರ ಕೊಟ್ಟರೆ ಏನು ಬಂತು?

ಕಾನೂನು ಮಾತ್ರ ಹಿಂದುಮುಂದಾಗುತ್ತಲೇ ಇತ್ತು. 1972ರಲ್ಲಿ ಫೆಡರಲ್ ಸಂಪರ್ಕ ಆಯೋಗ ದೇಶದ 100 ದೊಡ್ಡ ಮಾರುಕಟ್ಟೆಗಳಲ್ಲಿ ಇಂಥ ವಾಹಿನಿಯನ್ನು ಕಡ್ಡಾಯ ಮಾಡಿತು. ಆಯೋಗಕ್ಕೆ ಆ ಅಧಿಕಾರವೇ ಇಲ್ಲವೆಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1984ರ ಕೇಬಲ್ ಕಾಯ್ದೆ ತೀರ್ಮಾನವನ್ನು ಸ್ಥಳೀಯ ಆಡಳಿತಗಳಿಗೆ ಬಿಟ್ಟಿತು. ಹೀಗಾಗಿ ಕೇಬಲ್ ಕಂಪನಿಯ ಜೊತೆ ಗಟ್ಟಿಯಾಗಿ ಚೌಕಾಸಿ ಮಾಡಿದ ಊರಿಗೆ ಸ್ಟುಡಿಯೋ ಸಿಕ್ಕಿತು, ಸುಮ್ಮನಿದ್ದ ಊರಿಗೆ ಏನೂ ಸಿಗಲಿಲ್ಲ.

ಸಿಕ್ಕಲ್ಲಿ ಜನ ಅದನ್ನು ಚೆನ್ನಾಗಿಯೇ ಬಳಸಿಕೊಂಡರು. 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಪೇಪರ್ ಟೈಗರ್ ಟೆಲಿವಿಷನ್, ದೊಡ್ಡ ಪತ್ರಿಕೆಗಳನ್ನು ಕ್ಯಾಮೆರಾ ಮುಂದೆ ಬಿಡಿಸಿಟ್ಟುಕೊಂಡು ವಿಮರ್ಶಿಸುತ್ತಿತ್ತು. ಹಿಂದೆ ಕೈಯಲ್ಲಿ ಬರೆದ ಪರದೆ. ಕೊನೆಯಲ್ಲಿ ಆ ಕಾರ್ಯಕ್ರಮದ ಖರ್ಚಿನ ಲೆಕ್ಕ ತೆರೆಯ ಮೇಲೆ! ಟಿವಿ ಮಾಡಲು ಕೋಟ್ಯಧೀಶರೇ ಆಗಬೇಕಿಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. 1986ರಲ್ಲಿ ಇದೇ ಬಳಗದಿಂದ ಬಂದ ಡೀಪ್ ಡಿಶ್ ಟಿವಿ ಹಲವು ಊರುಗಳ ಚಿತ್ರಗಳನ್ನು ಉಪಗ್ರಹದ ಮೂಲಕ ದೇಶಕ್ಕೆ ಹಂಚಿತು.

ಎಲ್ಲರಿಗೂ ತೆರೆದ ಬಾಗಿಲಲ್ಲಿ ದ್ವೇಷ ಕಾರುವವರೂ ಬಂದರು. ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಸಮಯ ಕೇಳಿದಾಗ ಮಿಸೌರಿಯ ಕ್ಯಾನ್ಸಸ್ ಸಿಟಿ ನಗರಸಭೆ 1988ರಲ್ಲಿ ವಾಹಿನಿಯನ್ನೇ ಮುಚ್ಚಿಸಿತು. ಪ್ರಕರಣ ಕೋರ್ಟಿಗೆ ಹೋಗಿ, ಮರುವರ್ಷ ವಾಹಿನಿಯನ್ನು ಮತ್ತೆ ಕೊಡಬೇಕಾಯಿತು. ಒಪ್ಪದ ಒಬ್ಬರ ಬಾಯಿ ಮುಚ್ಚಿಸಲು ಎಲ್ಲರ ವೇದಿಕೆ ಕಿತ್ತದ್ದು ತಪ್ಪೇ ಸರಿ.

ಇಂದಿನ ತೊಂದರೆ ಹಣದ್ದು. ಅನೇಕ ಕೇಂದ್ರಗಳಿಗೆ ಆಧಾರ, ಕೇಬಲ್ ಕಂಪನಿಗಳು ನಗರಗಳಿಗೆ ಕಟ್ಟುವ ಶುಲ್ಕ. ಅದಕ್ಕೆ ಕಾಯ್ದೆ ಹಾಕಿದ ಮಿತಿ ಆದಾಯದ ಶೇ. 5. ವೀಕ್ಷಕರು ಕೇಬಲ್ ಬಿಟ್ಟು ಅಂತರ್ಜಾಲಕ್ಕೆ ಹೋದಂತೆಲ್ಲ ಆ ಮೊತ್ತ ಇಳಿಯುತ್ತಿದೆ. ಅಂತರ್ಜಾಲದ ವಿಡಿಯೋ ಸೇವೆಗಳು ಬಹುಮಟ್ಟಿಗೆ ಈ ಶುಲ್ಕ ಕಟ್ಟುತ್ತಿಲ್ಲ.