ಸಾಸಿವೆ ಸಿಡಿಯುವ ಕಡಲು

ಮೊನ್ನೆ ಭಾನುವಾರ ಗಿರಾವೀನ್‌ನಿಂದ ಗೆಳೆಯರೆಲ್ಲ ಸೇರಿ ಸಿಡ್ನಿಯ ಕ್ಲೊವೆಲಿ ತೀರಕ್ಕೆ ಹೋಗಿದ್ದೆವು. ನೀರಲ್ಲಿ ತಲೆ ಮುಳುಗಿಸಿದ್ದೇ ತಡ, ಚಟಪಟ ಸದ್ದು! ಥೇಟ್ ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಕಿವಿಗೆ ನೀರು ನುಗ್ಗಿತೇನೋ ಅಂದುಕೊಂಡೆ. "ಅದು ಸಿಗಡಿ ಮಾರಾಯಾ" ಅಂತ ಗೆಳೆಯ ನಕ್ಕ.

ಮನೆಗೆ ಬಂದು ಓದುತ್ತಾ ಕೂತೆ. ಇದರ ಹೆಸರು ಪಿಸ್ತೂಲ್ ಸಿಗಡಿ. ಉದ್ದ ಬರೀ ಮೂರರಿಂದ ಐದು ಸೆಂ.ಮೀ. ಏಡಿಗಿರುವಂಥ ಎರಡು ಇಕ್ಕಳಗಳಲ್ಲಿ ಒಂದು ಸಣ್ಣದು, ಇನ್ನೊಂದು ಮೈಯ ಅರ್ಧದಷ್ಟು ದೊಡ್ಡದು. ದೊಡ್ಡದು ಕಳಚಿಹೋದರೆ ಸಣ್ಣದೇ ದೊಡ್ಡದಾಗಿ ಬೆಳೆಯುತ್ತೆ, ಕಳೆದುಕೊಂಡ ಜಾಗದಲ್ಲಿ ಹೊಸ ಸಣ್ಣ ಇಕ್ಕಳ ಮೂಡುತ್ತೆ!

ಈ ಪುಟಾಣಿ ಯುದ್ಧದ ಇತಿಹಾಸಕ್ಕೂ ಸೇರಿದೆ. 1942ರ ಮೇ 31ರ ರಾತ್ರಿ ಇದೇ ಸಿಡ್ನಿ ಬಂದರಿಗೆ ಜಪಾನಿನ ಮೂರು ಪುಟ್ಟ ಸಬ್‌ಮೆರೀನುಗಳು ನುಗ್ಗಿದವು. ಬೆಳಗಾಗುವುದರೊಳಗೆ ಕುಟ್ಟಬುಲ್ ಹಡಗಿನಲ್ಲಿದ್ದ 21 ನಾವಿಕರು ಸತ್ತಿದ್ದರು. ಅಂಥ ದಿನಗಳಲ್ಲಿ ನೀರೊಳಗಿನ ಸದ್ದು ಕೇಳಿಸಿಕೊಳ್ಳುವುದು ಜೀವದ ಪ್ರಶ್ನೆ. ಆದರೆ ಬೆಚ್ಚಗಿನ, ಆಳವಿಲ್ಲದ ಕಡಲುಗಳಲ್ಲಿ ಮೈಕ್ ಇಳಿಸಿದರೆ ಬರೀ ಚಟಪಟ. ಇದು ಸಿಗಡಿಯದೇ ಕೆಲಸ ಅಂತ ಅಮೆರಿಕದ ಮಾರ್ಟಿನ್ ಜಾನ್ಸನ್ ಮತ್ತು ಸಂಗಡಿಗರು ಪತ್ತೆಹಚ್ಚಿ, 1947ರಲ್ಲಿ ವಿವರವಾಗಿ ಬರೆದರು.

ಇಕ್ಕಳದ ಎರಡು ತುದಿ ಬಡಿದು ಸದ್ದಾಗುತ್ತೆ ಅಂತ ಆಮೇಲೂ ಬಹಳ ಕಾಲ ನಂಬಿದ್ದರು. ಅದು ತಪ್ಪು ಅಂತ ಗೊತ್ತಾಗಿದ್ದು 2000ದಲ್ಲಿ. ಇಕ್ಕಳ ಮುಚ್ಚಿದಾಗ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ನೀರು ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತೆ. ಆ ಗುಳ್ಳೆ ಕುಸಿದಾಗ ಬರುವುದೇ ಈ ಸದ್ದು. ಎದುರಿಗಿದ್ದ ಬೇಟೆ ಅದರ ಹೊಡೆತಕ್ಕೇ ತತ್ತರಿಸುತ್ತೆ.

2016ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದವರು ಇನ್ನೊಂದು ವಿಷಯ ಹೇಳಿದರು. ಕಡಲ ತಳದಿಂದ ತಾನಾಗೇ ಕಾರ್ಬನ್ ಡೈಆಕ್ಸೈಡ್ ಉಕ್ಕುವ, ನೀರು ಹುಳಿಯಾದ ಜಾಗಗಳಲ್ಲಿ ಸಿಗಡಿಗಳ ಸದ್ದು ಕಡಿಮೆಯಂತೆ. ನಮ್ಮ ಕಾರು, ಕಾರ್ಖಾನೆಗಳ ಹೊಗೆ ಎಲ್ಲ ಕಡಲನ್ನೂ ಮೆಲ್ಲಗೆ ಆ ಕಡೆಗೇ ತಳ್ಳುತ್ತಿದೆ. ಕಡಲಲ್ಲಿ ನೆಲೆ ಹುಡುಕುವ ಮರಿಮೀನುಗಳಿಗೆ ಇಂಥ ಸದ್ದೇ ದಾರಿ ತೋರಿಸುತ್ತೆ. ಅದು ನಿಂತರೆ?

ನಾವು ಇಂಜಿನಿಯರುಗಳು ಬೇಡದ್ದಕ್ಕೆಲ್ಲ 'ನಾಯ್ಸ್' ಅಂತ ಹೆಸರಿಟ್ಟು ಸೋಸಿ ಬಿಸಾಕ್ತೀವಿ. ಯುದ್ಧದ ಕಾಲದಲ್ಲಿ ಬೇಡವಾಗಿದ್ದ ಸದ್ದೇ ಇವತ್ತು ಕಡಲು ಆರೋಗ್ಯವಾಗಿದೆ ಅನ್ನುವ ಸುದ್ದಿ.

ಮುಂದಿನ ಸಲ ಬೀಚಿಗೆ ಹೋದಾಗ ನೀವೂ ಒಂದು ನಿಮಿಷ ಕಿವಿ ಮುಳುಗಿಸಿ ನೋಡಿ. ಸಾಸಿವೆ ಸಿಡಿದರೆ ಸಮಾಧಾನ :-)