ಗುಂಗುರು ಕೂದಲಿನ ಚರಿತ್ರೆ: ಕಾನ್ಹೇರಿಯಿಂದ ಯಲ್ಲಾಪುರಕ್ಕೆ

ಮುಂಬಯಿಯಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಲೋಕಲ್ ರೈಲಿನ ಡಬ್ಬಿಯಲ್ಲಿ ನಿಂತು ಸುತ್ತ ಕಣ್ಣಾಡಿಸಿದರೆ, ಹಿಂದಿನ ವಾರದವರೆಗೆ ನೇರವಾಗಿ ಇಳಿಬಿದ್ದಿದ್ದ ಎಷ್ಟೋ ತಲೆಗಳು ಉಬ್ಬಿ, ಸುರುಳಿಗೊಂಡು, ತಮ್ಮ ಹುಟ್ಟುರೂಪಕ್ಕೆ ಮರಳಿರುವುದು ಕಾಣುತ್ತದೆ. ಗಾಳಿಯ ತೇವ ತಗುಲಿದೊಡನೆ ಕೂದಲಿನೊಳಗಿನ ಜಲಜನಕದ ಬಂಧಗಳು ಸಡಿಲಗೊಂಡು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಬೆಳಗ್ಗೆ ಹಾಕಿದ ಇಸ್ತ್ರಿ ಸಂಜೆಯವರೆಗೂ ನಿಲ್ಲುವುದಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಇದಕ್ಕೆ ತೀರ ವಿರುದ್ಧವಾದ ಮಾತನ್ನು ಬರೆದಿದ್ದಾನೆ. ಭಾರತೀಯರ ಕೂದಲು ಇಥಿಯೋಪಿಯದವರಂತೆ ಗುಂಗುರಾಗದಿರುವುದಕ್ಕೆ ಇಲ್ಲಿನ ಗಾಳಿಯ ತೇವವೇ ಕಾರಣವೆಂಬುದು ಅವನ ಮತ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಭಾಷಣ ಮಾಡಿದ ಸರ್ ವಿಲಿಯಂ ಜೋನ್ಸ್ ಅದನ್ನೇ ಎತ್ತಿ ಹೇಳಿ, ಇಥಿಯೋಪಿಯ ಮತ್ತು ಹಿಂದೂಸ್ತಾನಗಳ ಮೂಲನಿವಾಸಿಗಳು ಒಂದೇ ಜನಾಂಗದವರೆಂಬ ತನ್ನ ಊಹೆಗೆ ಬಳಸಿಕೊಂಡ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನಂಟನ್ನು ಸಾರಿ ಜಗತ್ಪ್ರಸಿದ್ಧವಾದದ್ದೂ ಇದೇ ಭಾಷಣ. ಆ ಇಬ್ಬರು ಪಂಡಿತರೂ ದಾದರ್ ನಿಲ್ದಾಣದಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಕೂದಲಿನ ವಾಕ್ಯವನ್ನಾದರೂ ಹೊಡೆದುಹಾಕುತ್ತಿದ್ದರು.

ನಾವು ಈ ಪ್ರಸಂಗವನ್ನು ಎತ್ತಿದ್ದು ಅವರನ್ನು ಹಾಸ್ಯ ಮಾಡಲಿಕ್ಕಲ್ಲ. ಗುಂಗುರು ಕೂದಲನ್ನು ನೋಡಿದವರು ಅದರಲ್ಲಿ ಕೂದಲಿಗಿಂತ ಹೆಚ್ಚಾಗಿ ಊರು, ಕುಲ, ಖಂಡಗಳನ್ನೇ ಕಂಡಿದ್ದಾರೆ ಎಂಬುದಕ್ಕೆ ಇದು ಹಳೆಯ ಸಾಕ್ಷಿ. ಆ ನೋಟದ ಭಾರವನ್ನು ಹೊತ್ತವರಲ್ಲಿ ಕನ್ನಡಿಗರೂ ಇದ್ದಾರೆ.

ಕನ್ನಡಕ್ಕೆ ಗುಂಗುರಿನ ಮೇಲೆ ಮುನಿಸೇನೂ ಇರಲಿಲ್ಲ. ಕುರುಳು, ಮುಂಗುರುಳು, ಅಳಕ, ಕುಂತಲ ಎಂದು ಕವಿಗಳ ಬಳಿ ಹೆಸರುಗಳೇ ಎಷ್ಟು! ಪ್ರಾಚೀನ ಕನ್ನಡ ನಾಡಿನ ಒಂದು ದೊಡ್ಡ ಭಾಗಕ್ಕೆ ಕುಂತಲವೆಂದೇ ಹೆಸರು. ಶಾಸನಕವಿಗಳು ಆ ಹೆಸರಿನ ಶ್ಲೇಷೆಯನ್ನು ಹಿಡಿದು ಅದನ್ನು ಭೂಕಾಂತೆಯ ಮುಡಿಯಾಗಿ ವರ್ಣಿಸಿದರು. ಬೊರಿವಲಿಯ ಕಾಡಿನೊಳಗೆ ಕಾನ್ಹೇರಿಯ ಗುಹೆಗಳಲ್ಲಿರುವ ಬುದ್ಧಮೂರ್ತಿಗಳ ನಡುವೆ ಬಸವನಹುಳುವಿನ ಚಿಪ್ಪಿನಂಥ ಸಣ್ಣ ಸುರುಳಿಗಳ ತಲೆಗಳಿವೆ. ಅದಕ್ಕಿಂತ ದೊಡ್ಡ ಉದಾಹರಣೆ ಶ್ರವಣಬೆಳಗೊಳದಲ್ಲಿದೆ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನ ತಲೆಯನ್ನು ಒಮ್ಮೆ ದಿಟ್ಟಿಸಬೇಕು: ಹಣೆಯಂಚಿನಿಂದ ಹಿಂದಲೆಯವರೆಗೆ ಬಿಗಿಯಾದ ಗುಂಗುರುಗಳ ಸಾಲು. 2018ರ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಕಬ್ಬಿನ ಹಾಲು, ಅರಿಶಿನಗಳು ಬಿದ್ದದ್ದು ಆ ಸುರುಳಿಗಳ ಮೇಲೆಯೇ. ಕಲ್ಲಿನ ತಲೆಯಲ್ಲಿ ಅದು ಮಹಾಪುರುಷನ ಲಕ್ಷಣ. ಜೀವಂತ ಹುಡುಗಿಯ ತಲೆಯಲ್ಲಿ ಅದೇ ಸುರುಳಿ ಕಂಡರೆ ‘ತಲೆಗೆ ಎಣ್ಣೆ ಹಾಕಿ ನೆಟ್ಟಗೆ ಬಾಚಿಕೊಂಡು ಬರಬಾರದೇ’ ಎನ್ನುತ್ತೇವೆ.

ಬಾಚುವುದರಲ್ಲಿಯೇ ತೊಡಕಿರುವುದು. ನೇರ ಕೂದಲಿನ ಅಡ್ಡಸೀಳು ದುಂಡಗಿದ್ದರೆ ಗುಂಗುರಿನದು ಚಪ್ಪಟೆ. ಅದು ಹುಟ್ಟುವ ಕುಳಿಯೇ ಬಾಗಿರುತ್ತದೆ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಸರಾಗವಾಗಿ ಕೆಳಗಿಳಿಯುತ್ತದೆ, ಸುರುಳಿಯ ತಿರುವುಗಳನ್ನು ಮಾತ್ರ ದಾಟಲಾರದು. ಆದ್ದರಿಂದ ಬುಡ ಜಿಡ್ಡಾಗಿ ತುದಿ ಒಣಗುತ್ತದೆ, ಪ್ರತಿ ತಿರುವೂ ಮುರಿಯುವ ಜಾಗವಾಗುತ್ತದೆ. ಒಣಗಿದ ಗುಂಗುರಿಗೆ ಒತ್ತುಹಲ್ಲಿನ ಬಾಚಣಿಗೆಯನ್ನು ನೆತ್ತಿಯಿಂದ ಕೆಳಕ್ಕೆ ಎಳೆಯುವುದೆಂದರೆ ಅದನ್ನು ಹರಿಯುವುದೇ ಸರಿ. ಒದ್ದೆಯಿರುವಾಗ, ಲೋಳೆಯೊಂದನ್ನು ಸವರಿ, ಬೆರಳಿನಿಂದಲೋ ಅಗಲ ಹಲ್ಲಿನ ಹಣಿಗೆಯಿಂದಲೋ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತ ಹೋಗಬೇಕು. ಕ್ರಮ ಇಷ್ಟೇ, ಆದರೆ ಅದಕ್ಕೆ ನೀರೂ ಹೊತ್ತೂ ಬೇಕು.

ಆ ಲೋಳೆ ನಮ್ಮ ಕರಾವಳಿ ಮಲೆನಾಡುಗಳಿಗೆ ಹೊಸದಲ್ಲ. ದಾಸವಾಳದ ಎಲೆಯನ್ನೋ ಮತ್ತಿಯ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ಕೊಳೆಯನ್ನೂ ತೆಗೆಯುತ್ತದೆ, ಎಳೆಗಳು ಒಂದರ ಮೇಲೊಂದು ಜಾರುವಂತೆಯೂ ಮಾಡುತ್ತದೆ. ಸೀಗೆಕಾಯಿ, ಅಂಟುವಾಳಗಳು ಕೂದಲನ್ನು ಒಣಗಿಸುವಷ್ಟು ಗೊಂಪು ಒಣಗಿಸುವುದಿಲ್ಲ. ಅರಮನೆಯ ಅಭ್ಯಂಗವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗವೆಂದು ವಿವರಿಸಿದ್ದಾನೆ, ಹಿತ್ತಿಲಿನ ಗೊಂಪನ್ನು ಯಾವ ದೊರೆಯೂ ಬರೆದಿಡಲಿಲ್ಲ. ತೆಂಗಿನೆಣ್ಣೆಯ ವಿಷಯದಲ್ಲಂತೂ ಅಜ್ಜಿಯರ ಮಾತಿಗೆ ಪ್ರಯೋಗಶಾಲೆಯ ಮುದ್ರೆ ಬಿದ್ದದ್ದು ಮುಂಬಯಿಯಲ್ಲಿಯೇ. ಮಾರಿಕೊ ಸಂಸ್ಥೆಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ, ಖನಿಜ ತೈಲ ಹಾಗೂ ಸೂರ್ಯಕಾಂತಿ ಎಣ್ಣೆಗಳಿಗೆ ಸಾಧ್ಯವಾಗದ ರೀತಿಯಲ್ಲಿ ತೆಂಗಿನೆಣ್ಣೆ ಕೂದಲಿನೊಳಕ್ಕೆ ಇಳಿದು ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟಿಸಿದರು. ತೆಂಗಿನೆಣ್ಣೆ ಮಾರುವವರೇ ನಡೆಸಿದ ಅಧ್ಯಯನವೆಂಬುದನ್ನು ಮರೆಯಬೇಕಿಲ್ಲ. ಆದರೂ ಫಲಿತಾಂಶ ಉಪಯುಕ್ತವಾದದ್ದೇ.

ಇನ್ನು ಆ ಕೂದಲನ್ನು ಸಮುದ್ರದಾಚೆಯಿಂದ ಹೊತ್ತು ತಂದವರ ಕಥೆ. ಆಫ್ರಿಕದ ಪೂರ್ವತೀರದಿಂದ ಅರಬರೂ ಆಮೇಲೆ ಪೋರ್ತುಗೀಜರೂ ಗುಲಾಮರನ್ನಾಗಿ ತಂದ ಸಿದ್ದಿಗಳು ದಖ್ಖನಿನಲ್ಲಿ ಅಧಿಕಾರಕ್ಕೇರಿದ್ದೂ ಉಂಟು. ಬಿಜಾಪುರದ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಬಿಜಾಪುರದ ಚಿತ್ರಗಳಲ್ಲಿ ಅವನ ತಲೆಯನ್ನು ಪಾಗು ಮುಚ್ಚಿರುತ್ತದೆ. ಜಂಜಿರಾದ ಸಿದ್ದಿ ಯಾಕೂತ್ ಖಾನ್ 1689–90ರಲ್ಲಿ ಮುಂಬಯಿಗೇ ಮುತ್ತಿಗೆ ಹಾಕಿ ಮಜಗಾಂವ್, ಮಾಹಿಮ್‌ಗಳನ್ನು ಹಿಡಿದು ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿದ. ಅಂಥವರ ಕೂದಲಿನ ಬಗ್ಗೆ ಮಾತನಾಡುವ ಧೈರ್ಯ ಯಾರಿಗಿತ್ತು? ದೊಡ್ಡವರ ಗುಂಗುರು ಪಾಗಿನೊಳಗೆ ಉಳಿಯಿತು; ದಫ್ತರಕ್ಕೆ ಬಂದದ್ದು ಬಡವರದು.

ಹತ್ತೊಂಬತ್ತನೆಯ ಶತಮಾನದ ಮುಂಬಯಿಗೆ ಆಫ್ರಿಕದವರು ಅಪರಿಚಿತರಾಗಿರಲಿಲ್ಲ. ಉಗಿಹಡಗುಗಳ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಸಿದ್ದಿ ನಾವಿಕರದು. 1857ರಿಂದ ಬರ್ಟನ್, ಸ್ಪೀಕ್ ಮತ್ತು ಮುಂದೆ ಸ್ಟ್ಯಾನ್ಲಿ, ಕ್ಯಾಮರೂನ್‌ರ ಶೋಧಯಾತ್ರೆಗಳಲ್ಲಿ ನಡೆದವನು ಬಾಲ್ಯದಲ್ಲಿ ಗುಲಾಮನಾಗಿ ಪಶ್ಚಿಮ ಭಾರತಕ್ಕೆ ಬಂದು ಬಿಡುಗಡೆ ಪಡೆದ ಸಿದಿ ಮುಬಾರಕ್. ಅವನ ಹೆಸರಿನ ಕೊನೆಗೆ ‘ಬಾಂಬೆ’ ಎಂದೇ ಸೇರಿಕೊಂಡಿತು. ಲಿವಿಂಗ್‌ಸ್ಟನ್ನನ ಶವವನ್ನು ಹೊತ್ತು ಕಡಲತೀರಕ್ಕೆ ತಂದವರಲ್ಲಿ ಒಬ್ಬನಾದ ಚುಮಾ ಕೆಲಕಾಲ ಮುಂಬಯಿಯಲ್ಲಿ ಡಾ. ಜಾನ್ ವಿಲ್ಸನ್‌ರ ಶಾಲೆಯಲ್ಲಿ ಕಲಿತವನು.

ಅದೇ ಕಾಲಕ್ಕೆ ಮುಂಬಯಿ ಸರಕಾರದ ಕೈಕೆಳಗೆ ಇನ್ನಷ್ಟು ಸಿದ್ದಿಗಳು ಬಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಘಟ್ಟದ ಕಾಡು ಸೇರಿದವರು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಸುತ್ತ ನೆಲೆನಿಂತಿದ್ದರು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರ್‌ನ ಹದಿನೈದನೆಯ ಸಂಪುಟ 1883ರಲ್ಲಿ ಹೊರಬಂದು, ಕೆನರಾ ಜಿಲ್ಲೆಯ ಜಾತಿಗಳ ನಡುವೆ ಇವರನ್ನೂ ದಾಖಲಿಸಿತು. ಆ ಗ್ರಂಥಗಳ ಮಾದರಿ ನಮ್ಮಂಥ ಕಚೇರಿಯವರಿಗೆ ಬೇಗ ಅರ್ಥವಾಗುತ್ತದೆ: ಮೈಬಣ್ಣ, ಕೂದಲು, ಮೂಗು, ತುಟಿ, ಬಳಿಕ ಊಟ, ಉಡುಗೆ, ದೇವರು. ತಲೆತಲಾಂತರದಿಂದ ಇಲ್ಲಿಯೇ ಬದುಕಿ, ಹವ್ಯಕರ ಅಡಿಕೆ ತೋಟಗಳಲ್ಲಿ ದುಡಿದು, ಕನ್ನಡವನ್ನೋ ಕೊಂಕಣಿಯನ್ನೋ ಮನೆಮಾತಾಗಿ ಮಾಡಿಕೊಂಡ ಜನ, ಹಿಂದೂ ಮುಸಲ್ಮಾನ ಕ್ರೈಸ್ತ ಮೂರೂ ಮತಗಳಲ್ಲಿ ಹರಡಿಕೊಂಡವರು, ಮೊದಲು ಕಾಣಿಸಿಕೊಂಡದ್ದು ಕೂದಲಾಗಿ.

ಕೂದಲನ್ನು ಕಡತದ ವಿಷಯವಾಗಿಸಿದ್ದು ಬರಿಯ ಮುಂಬಯಿಯಲ್ಲ. ಕೊಚ್ಚಿಯ ಕಾಡುಗಳ ಕಾಡರ್ ಜನರ ಸುರುಳಿಗೂದಲನ್ನು ಆಧಾರವಾಗಿಟ್ಟು ಬಿ.ಎಸ್. ಗುಹಾ 1920ರ ದಶಕದ ಕೊನೆಯಲ್ಲಿ ಭಾರತದ ನೆಗ್ರಿಟೊ ಅಂಶದ ವಾದವನ್ನು ಹೂಡಿದರು. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಇದು ಕ್ರೂರ ವಿಧಿಯೇ ಆಯಿತು: ತಲೆಗೆ ಪೆನ್ಸಿಲೊಂದನ್ನು ಸಿಕ್ಕಿಸುವುದು, ಜಾರಿ ಬಿದ್ದರೆ ಒಂದು ವರ್ಣ, ನಿಂತರೆ ಇನ್ನೊಂದು. ಒಡಹುಟ್ಟಿದವರೂ ಬೇರೆ ಬೇರೆ ವರ್ಣಗಳ ಪಟ್ಟಿಗೆ ಸೇರಿದರು. ಸ್ವತಂತ್ರ ಭಾರತ ಈ ದಾರಿ ಹಿಡಿಯಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. 1965ರ ಲೋಕುರ್ ಸಮಿತಿ ಪರಿಶಿಷ್ಟ ಪಂಗಡವನ್ನು ಗುರುತಿಸಲು ಕೊಟ್ಟ ಐದು ಲಕ್ಷಣಗಳ ಭಾಷೆ ಇಂದು ಓದಿದರೆ ಮುಜುಗರವಾಗುವಂಥದು. ಆದರೆ ಅವುಗಳಲ್ಲಿ ಕೂದಲಿಲ್ಲ, ಮೂಗಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕಾಗದ ಇಷ್ಟು ಸರಿಹೋದರೂ ಬೀದಿ ಸರಿಹೋಗಿಲ್ಲ. ದೊಡ್ಡ ನಗರಗಳಿಗೆ ದುಡಿಯಲು ಬಂದ ಸಿದ್ದಿ ತರುಣರಿಗೆ ‘ಯಾವ ದೇಶ’ ಎಂಬ ಪ್ರಶ್ನೆ ತಪ್ಪಿಲ್ಲ. ಅಚ್ಚ ಕನ್ನಡದಲ್ಲಿ ಉತ್ತರ ಬಂದಾಗ ಕೇಳಿದವರ ಮುಖದಲ್ಲಿ ಮೂಡುವ ಬೆರಗನ್ನೂ ನಾವು ಮೆಚ್ಚುಗೆಯೆಂದು ಭಾವಿಸಲಾರೆವು.

ಅತ್ತ ಅಮೆರಿಕದಲ್ಲಿ ಇದೇ ಕೂದಲು ದೊಡ್ಡ ವ್ಯಾಪಾರವಾಯಿತು. 1919ರಲ್ಲಿ ತೀರಿಕೊಂಡ ಮೇಡಮ್ ಸಿ.ಜೆ. ವಾಕರ್ ಕರಿಯ ಹೆಂಗಸರಿಗೆ ನೆತ್ತಿಯ ಆರೈಕೆ ಕಲಿಸಿ, ಮುಲಾಮು ಮಾರಿ ಸಿರಿವಂತೆಯಾದಳು. ಜನ ಮಾತ್ರ ಅವಳನ್ನು ಕೂದಲು ನೇರ ಮಾಡಿಸಿದವಳೆಂದೇ ನೆನೆಯುತ್ತಾರೆ. 1960ರ ದಶಕದಲ್ಲಿ ಗುಂಗುರನ್ನು ಗುಂಗುರಾಗಿಯೇ ಬಿಡುವುದು ಒಂದು ರಾಜಕೀಯ ನಿಲುವಾಯಿತು. 2001ರಲ್ಲಿ ಲೊರೇನ್ ಮ್ಯಾಸಿ ಬರೆದ ‘ಕರ್ಲಿ ಗರ್ಲ್’ ಎಂಬ ಪುಸ್ತಕ ನೊರೆಯ ಶಾಂಪೂ ಮತ್ತು ಬಿಸಿಗಳನ್ನು ಬಿಡಿಸಿ ಸುರುಳಿಯನ್ನು ತೇವದಲ್ಲಿ ಪೋಷಿಸುವ ಕ್ರಮವನ್ನು ಜನಪ್ರಿಯಗೊಳಿಸಿತು. ಆಂಡ್ರೆ ವಾಕರ್ ಎಂಬ ಕೇಶಶಿಲ್ಪಿಯ ವರ್ಗೀಕರಣದಿಂದ ಬೆಳೆದ 3ಎ, 4ಸಿ ಮುಂತಾದ ಶ್ರೇಣಿಗಳನ್ನು ಈಗ ಅಂಧೇರಿಯ ಹುಡುಗಿಯರೂ ಬಲ್ಲರು. ಕೂದಲಿಗೂ ನಮ್ಮ ವೇತನ ಆಯೋಗದಂಥ ಶ್ರೇಣಿಗಳು ಬಂದವಲ್ಲ ಎಂದು ನಾವು ನಕ್ಕದ್ದುಂಟು. ಆದರೆ ಈ ಪಟ್ಟಿಯನ್ನು ಕೂದಲಿನ ಒಡತಿಯೇ ತನ್ನ ಆರೈಕೆಗಾಗಿ ಬಳಸುತ್ತಾಳೆ, ಗ್ಯಾಸೆಟಿಯರ್‌ಗೂ ಇದಕ್ಕೂ ಅಷ್ಟು ಅಂತರವಿದೆ. ಅವರು ಒಲೆಯ ಮೇಲೆ ಕುದಿಸಿ ಸೋಸುವ ಅಗಸೆ ಬೀಜದ ಲೋಳೆಯನ್ನು ಕಂಡರೆ, ಅಗಸಿ ಚಟ್ನಿಯಲ್ಲಿ ಬೆಳೆದ ಉತ್ತರ ಕರ್ನಾಟಕದವರು ಕಣ್ಣರಳಿಸುವುದು ಖಂಡಿತ. ಗೊಂಪಿನ ಕೆಲಸವನ್ನೇ ಅದೂ ಮಾಡುತ್ತದೆ.

ಇಷ್ಟಾದರೂ ನಗರದ ಸೆಲೂನುಗಳಲ್ಲಿ ‘ಸ್ಮೂದನಿಂಗ್’, ‘ಕೆರಟಿನ್’ ಫಲಕಗಳದೇ ಮೇಲುಗೈ. ಇಂಥ ಹಲವು ಲೇಪಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಅದನ್ನು ದಿನವಿಡೀ ಉಸಿರಾಡುವವಳು ಸಂಬಳಕ್ಕೆ ನಿಂತ ಹುಡುಗಿ. ಸಂದರ್ಶನಕ್ಕೆ ಮುನ್ನ ಕೂದಲು ನೇರ ಮಾಡಿಸಿಕೊಂಡ ಕಿರಿಯ ಸಹೋದ್ಯೋಗಿಯೊಬ್ಬರು ‘ಅಚ್ಚುಕಟ್ಟಾಗಿ ಕಾಣಬೇಕಲ್ಲ ಸರ್’ ಎಂದಾಗ ನಮಗೆ ಉತ್ತರ ತೋಚಲಿಲ್ಲ. ಅಚ್ಚುಕಟ್ಟು ಎಂದರೆ ನೇರ ಎಂದು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲ.

ಕೂದಲಿನ ರೂಪದ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಕೂಡದೆಂದು ಕ್ಯಾಲಿಫೋರ್ನಿಯ 2019ರಲ್ಲಿ ಕಾನೂನು ಮಾಡಿತು. ನಮ್ಮ ಶಾಲೆಗಳಲ್ಲಿ ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ರಿಬ್ಬನ್, ಇಷ್ಟೇ ಶಿಸ್ತು. ನೇರ ಕೂದಲಿಗೆ ಅದು ಐದು ನಿಮಿಷದ ಕೆಲಸ. ಗುಂಗುರಿನ ಮಗುವಿಗೆ ಸಿಕ್ಕು ಬಿಡಿಸಲು ಮುಕ್ಕಾಲು ಗಂಟೆ, ಅದೂ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ. ವರ್ಷಗಟ್ಟಲೆ ಬಿಗಿದೆಳೆದರೆ ಹಣೆಯಂಚಿನ ಕೂದಲು ಉದುರಿ ಬೋಳಾಗುವುದಕ್ಕೆ ವೈದ್ಯರು ಟ್ರ್ಯಾಕ್ಷನ್ ಅಲೋಪೇಸಿಯ ಎನ್ನುತ್ತಾರೆ. ಬೇಗ ಗುರುತಿಸಿ ಜಡೆ ಸಡಿಲಿಸಿದರೆ ಮತ್ತೆ ಬೆಳೆಯುತ್ತದೆ, ತಡವಾದರೆ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಬೆಳಗ್ಗೆ ಆರಕ್ಕೆ ಒದ್ದೆಯಾಗಿಯೇ ಹೆಣೆದ ಜಡೆಯ ಒಳಗಿನ ಎಳೆಗಳು ಮುಂಬಯಿಯ ಗಾಳಿಯಲ್ಲಿ ಶಾಲೆ ಬಿಡುವ ಹೊತ್ತಿಗೂ ಒಣಗಿರುವುದಿಲ್ಲ.