ಕಾಗದಕ್ಕೂ ಬೇಕು ದುಭಾಷಿ

ಕನ್ನಡಕ್ಕೂ ಜರ್ಮನಿಗೂ ನಂಟು ಹಳೆಯದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ತಾಯ್ನುಡಿ ಜರ್ಮನ್, ಕೂಡಿಸಿದ್ದು ಕನ್ನಡದ ಪದಗಳು, ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ! ಮೂರು ಭಾಷೆಗಳೂ ಒಬ್ಬರ ತಲೆಯಲ್ಲೇ ಸಂಸಾರ ಮಾಡಿದ್ದವು.

ಅಂಥವರ ಬೆಲೆ ಏನೆಂಬುದು ಕಾಗದವೊಂದು ಕೈಗೆ ಬಂದಾಗ ತಿಳಿಯುತ್ತದೆ. ಶ್ರೀನಿವಾಸಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಂಡ ಕೆಲಸಕ್ಕೆಂದು ಜರ್ಮನಿಗೆ ಹೋದವನು ಅಲ್ಲೇ ತೀರಿಕೊಂಡ. ಊರಲ್ಲಿ ಅವನ ಹೆಸರಿನ ಮಾವಿನ ತೋಪಿತ್ತು. ಪೌತಿ ಖಾತೆಗೆ ಮರಣ ಪತ್ರ ಬೇಕು. ಬಂದದ್ದು ಜರ್ಮನ್ ಭಾಷೆಯಲ್ಲಿ. “ಇದನ್ನ ಓದೋರು ಯಾರಮ್ಮ? ಇಂಗ್ಲಿಷ್ ಮಾಡಿಸ್ಕೊಂಡು ಬನ್ನಿ” ಎಂದರಂತೆ.

ಆ ದೇಶದಲ್ಲಿ 1876ರಿಂದ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವುದು ಚರ್ಚಿನ ಕೆಲಸವಲ್ಲ, ಸರ್ಕಾರಿ ಕಚೇರಿಯದು. ಹಾಗಾಗಿ ಕಾಗದ ಗಟ್ಟಿಯೇ. ಓದುವವರು ಮಾತ್ರ ಇಲ್ಲ. ಕೋಲಾರ, ಮುಳಬಾಗಿಲು, ಮಾಲೂರು, ಎಲ್ಲ ಕಡೆ ವಿಚಾರಿಸಿದ್ದಾಯಿತು. ನೋಟರಿಯವರು ಮೊಹರು ಹಾಕಬಲ್ಲರು, ಭಾಷೆ ಕಲಿಸಲಾರರು. ಕೊನೆಗೆ ಬೆಂಗಳೂರಿನಲ್ಲಿ ಜರ್ಮನ್ ಕಲಿತ ಹೆಣ್ಣುಮಗಳೊಬ್ಬಳು ಸಾಲುಸಾಲಾಗಿ ಅನುವಾದಿಸಿ, ಮೊಹರಿನ ಅಕ್ಷರವನ್ನೂ ಬಿಡದೆ ಬರೆದು, ತನ್ನ ಹೆಸರು, ವಿಳಾಸ, ಸಹಿ ಹಾಕಿಕೊಟ್ಟಳು.

ಆದರೆ ತೊಡಕು ಭಾಷೆಯದಷ್ಟೇ ಅಲ್ಲ. ನಮ್ಮ ಪಹಣಿಯಲ್ಲಿ ಗಂಡಸಿಗೆ ‘ಬಿನ್’, ಹೆಂಗಸಿಗೆ ‘ಕೋಂ’. ಅಲ್ಲಿಯವರಿಗೆ ಮನೆತನದ ಹೆಸರೇ ಬೇಕು. ನಮ್ಮವರು ಇನಿಷಿಯಲ್ ಬಿಡಿಸಿ ಊರ ಹೆಸರನ್ನೇ ಕೊಟ್ಟಿರುತ್ತಾರೆ. ಪಹಣಿಯ ಮನುಷ್ಯ ಒಬ್ಬ, ಮರಣ ಪತ್ರದ ಮನುಷ್ಯ ಇನ್ನೊಬ್ಬ! ಅನುವಾದ ಮಾಡುವವರು ಹೆಸರು ತಿದ್ದುವಂತಿಲ್ಲ, ತಿದ್ದಲೂಬಾರದು. ಇಬ್ಬರೂ ಒಬ್ಬನೇ ಎಂದು ಬೇರೆ ಅಫಿಡವಿಟ್ ಮಾಡಿಸಬೇಕಾಯಿತು.

ಮಕ್ಕಳನ್ನು ಆ ಕಡೆ ಕಳಿಸಿರುವ ತಾಯಂದಿರು ಒಂದು ಮಾತು ನೆನಪಿಡಬೇಕು. ಇಂಗ್ಲಿಷ್ ಸೇರಿದಂತೆ ಹಲವು ಭಾಷೆಗಳಲ್ಲಿ ಅಚ್ಚಾದ ಅಂತರರಾಷ್ಟ್ರೀಯ ನಮೂನೆಯ ಜನನ, ಮದುವೆ, ಮರಣ ಪತ್ರಗಳೂ ಅಲ್ಲಿ ಉಂಟು. 1976ರ ವಿಯೆನ್ನಾ ಒಪ್ಪಂದದ ಫಲ ಅದು. ಮೊಮ್ಮಗು ಹುಟ್ಟಿದಾಗಲೇ ಕೇಳಿ ಇಸಿದುಕೊಳ್ಳಿರೆಂದು ಹೇಳಿ. ಅನುವಾದವೇ ಬೇಕಾದರೆ, ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅನುವಾದಕರು ಅಲ್ಲೇ ಸಿಗುತ್ತಾರೆ.

ನನ್ನ ವಿದ್ಯಾರ್ಥಿನಿಗೆ ತೋಪಿನ ಖಾತೆಯಾಯಿತು. ಗಂಡನ ಕಾಗದವನ್ನು ಬೇರೆಯವರಿಂದ ಓದಿಸಿಕೊಂಡು ಅವಳು ಅಳಬೇಕಾಯಿತಲ್ಲ, ಅದಕ್ಕೆ ಯಾವ ನಿಘಂಟಿನಲ್ಲೂ ಪದವಿಲ್ಲ.